ರಜಾದಿನದ ಮೂಳೆಗಳು

“ಅಲ್ಲೇ ನಿಂತ್ಕೋ. ಕಾರ್ಪೆಟ್ ಮೇಲೆ ಕಾಲಿಡಬೇಡ. ಯಾರ್ರೀ ಅಲ್ಲಿ, ಆ ಫ್ಯಾನ್ ಆರಿಸಿ. ಇವನ ವಾಸನೆನೆಲ್ಲ ತಂದು ನನ್ನ ಮುಖಕ್ಕೇ ಹೊಡೀತಿದೆ.”

ಪ್ರಿನ್ಸಿಪಾಲರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಮಾತಾಡುತ್ತಿದ್ದರು. ಫ್ಯಾನ್ ಆರಿಸಲು ಕುರ್ಚಿಯಿಂದ ಎದ್ದು ಬಂದವನು ಆಫೀಸಿನ ಗುಮಾಸ್ತ. ಸ್ವಿಚ್ಚು ಇದ್ದದ್ದು ಬಾಗಿಲಲ್ಲೇ ನಿಂತಿದ್ದ ಅಟೆಂಡರ್‌ನ ಭುಜದ ಪಕ್ಕದಲ್ಲೇ. ಅವನು ಕೈ ಚಾಚಿದ್ದರೆ ಸಾಕಿತ್ತು. ಆದರೆ ಅವನು ಮುಟ್ಟಿದ ಸ್ವಿಚ್ಚನ್ನು ಆಮೇಲೆ ಯಾರು ಮುಟ್ಟಬೇಕು ಎಂಬ ಯೋಚನೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಬಂದಿತ್ತು. ಅವನಿಗೂ ಬಂದಿತ್ತು, ಅದೇ ಅವನಿಗೆ ಹೇಸಿಗೆ ಎನಿಸಿತು.

ಅವನು ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಹದಿನಾರು ವರ್ಷದಿಂದ ಹಂಗಾಮಿ. ಹುಡುಗರು ಅವನನ್ನು ‘ಡಾಕ್ಟರ್ ಮೂಳೆ’ ಎಂದು ಕರೆಯುತ್ತಿದ್ದರು. ಸತ್ತ ಪ್ರಾಣಿಯನ್ನು ಸುಲಿದು, ಬೇಯಿಸಿ, ಕೆರೆದು, ಬಿಳುಪು ಮಾಡಿ, ತಂತಿ ಪೋಣಿಸಿ ಜೀವಂತ ನಿಂತ ಹಾಗೆ ನಿಲ್ಲಿಸುವುದು ಅವನ ಕೆಲಸ. ಕಾಲೇಜಿನ ಮೂಳೆ ಮ್ಯೂಸಿಯಮ್ಮಿನಲ್ಲಿ ಹಾಗೆ ನಿಂತವು ಇಪ್ಪತ್ತೊಂದು.

“ಹೋದ ಭಾನುವಾರ ಯಾರ ಮನೆ ನಾಯಿ ಎತ್ತಿದೆ?”

“ಸ್ಟೇಷನ್ ಹಿಂದಿನ ಡಾಕ್ಟರಮ್ಮನ ಮನೇದು ಸಾರ್. ಸತ್ತು ಮೂರು ದಿನ ಆಗಿತ್ತು. ಯಾರೂ ಹತ್ರ ಹೋಗೋ ಹಾಗಿರ್ಲಿಲ್ಲ.”

“ದುಡ್ಡು ಇಸ್ಕೊಂಡ್ಯಾ?”

“ಕೊಟ್ರು ಸಾರ್.”

“ಕೊಟ್ರಂತೆ, ಇಸ್ಕೊಂಡನಂತೆ. ಆ ಡಾಕ್ಟರಮ್ಮ ನನ್ನ ಹೆಂಡತಿ ಮುಂದೆ ನಗಾಡಿದಾಳೆ. ನಿಮ್ಮೆಜಮಾನ್ರ ಕಾಲೇಜಿನ ಸ್ಟಾಫು ಬೀದಿ ಬೀದೀಲಿ ಸತ್ತ ನಾಯಿ ಎಳೀತಾರಲ್ಲ ಅಂತ. ಎಲ್ಲಿ ಇಟ್ಕೊಳ್ಳಲಿ ನಾನು ಮುಖಾನ? ಓದ್ರೀ ಅದನ್ನ.”

ಗುಮಾಸ್ತ ಗಂಟಲು ಸರಿಮಾಡಿಕೊಂಡು ಓದಿದ: “ಕಾಲೇಜಿನ ಯಾವುದೇ ನೌಕರನು ಲಿಖಿತ ಪೂರ್ವಾನುಮತಿ ಇಲ್ಲದೆ, ಕೆಲಸದ ವೇಳೆಯ ಹೊರಗಾಗಲಿ ರಜಾದಿನಗಳಲ್ಲಾಗಲಿ, ಸಂಭಾವನೆ ಪಡೆದು ಬೇರೆ ಕೆಲಸ ಮಾಡತಕ್ಕದ್ದಲ್ಲ.”

ಗಣಿತದ ಮೇಷ್ಟ್ರು ಬೆಳಿಗ್ಗೆ ಐದಕ್ಕೆ ಎದ್ದು ಮೂರು ಬ್ಯಾಚು ಟ್ಯೂಷನ್ ಮುಗಿಸಿ ಕಾಲೇಜಿಗೆ ಬಂದು ಸ್ಟಾಫ್ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ರಸಾಯನಶಾಸ್ತ್ರದವರಿಗೆ ಬಣ್ಣದ ಕಾರ್ಖಾನೆಯಲ್ಲಿ ಸಲಹೆಗಾರರ ಕುರ್ಚಿ ಇತ್ತು. ಪ್ರಿನ್ಸಿಪಾಲರೇ ವಾರಕ್ಕೆ ಎರಡು ದಿನ ಇನ್ನೊಂದು ಊರಿನ ಕಾಲೇಜಿನಲ್ಲಿ ಪಾಠ ಮಾಡಿ ಬರುತ್ತಿದ್ದರು. ಅವರೆಲ್ಲರ ಹತ್ತಿರವೂ ಮೊಹರು ಹಾಕಿದ ಅನುಮತಿ ಪತ್ರ ಇತ್ತು. ಆ ಪತ್ರಗಳನ್ನು ಟೇಬಲ್ಲಿನಿಂದ ಟೇಬಲ್ಲಿಗೆ ಹೊತ್ತು ಮೊಹರು ಹಾಕಿಸಿಕೊಂಡು ಬಂದವನು ಈ ಅಟೆಂಡರ್ರೇ. ತನಗೂ ಒಂದು ಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಸತ್ತ ನಾಯಿ ಎತ್ತಲು ಅರ್ಜಿ ಬರೆಯುವುದು ಹೇಗೆ ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಅವನು ನೆಲ ನೋಡುತ್ತಲೇ ಹೇಳಿದ. “ನಿಮ್ಮನೆ ಅಟ್ಟದಲ್ಲಿ ಹೆಗ್ಗಣ ಸತ್ತಿದ್ದಾಗ ಬಂದು ತೆಗೆದಿದ್ದೂ ಭಾನುವಾರನೇ ಸಾರ್.”

“ಅದು ಹೊರಗಿನ ಕೆಲಸ ಅಲ್ಲ. ನೀನು ದುಡ್ಡು ತಗೊಂಡಿಲ್ವಲ್ಲ.”

ಗುಮಾಸ್ತ ನಗು ತಡೆಯಲಾರದೆ ಕೆಮ್ಮಿದ. ಪ್ರಿನ್ಸಿಪಾಲರು ಮೇಜಿನ ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ದೂರದಿಂದಲೇ ಆಡಿಸಿ ತೋರಿಸಿದರು. ಅವನನ್ನು ಖಾಯಂ ಮಾಡುವ ಆದೇಶ. ಕಾಗದದ ಕೆಳಗೆ ನೀಲಿ ಮೊಹರು ಬಿದ್ದಿತ್ತು, ಸಹಿ ಮಾತ್ರ ಬಾಕಿ ಇತ್ತು. ಹದಿನಾರು ವರ್ಷದಲ್ಲಿ ಆ ಕಾಗದವನ್ನು ಅವನು ನೋಡಿದ್ದು ಅದೇ ಮೊದಲು.

“ನಾಳೆ ಸಾಯಂಕಾಲದೊಳಗೆ ಎರಡು ಕಡೆ ರುಜು ಹಾಕು. ಒಂದು, ತಪ್ಪಾಯ್ತು ಅಂತ. ಇನ್ನೊಂದು ನಿನ್ನ ಪ್ರೊಫೆಸರ್ರು ಹೇಳ್ತಾರೆ. ಹಾಕಿದ್ರೆ ಇದಕ್ಕೆ ನನ್ನ ಸಹಿ. ಇಲ್ಲಾಂದ್ರೆ ಸೋಮವಾರ ಕಾಲೇಜು ತಪಾಸಣೆಗೆ ಸಮಿತಿ ಬಂದು ಹೋದಮೇಲೆ ನೀನು ನಾಯಿ ಎಳೀತೀಯೋ, ನಾಯೀನೇ ನಿನ್ನ ಎಳೀತದೋ, ನಂಗೆ ಸಂಬಂಧ ಇಲ್ಲ. ನಡಿ. ಬಾಗಿಲು ತೆಗೆದೇ ಇರ್ಲಿ, ಗಾಳಿ ಆಡಲಿ.”

*

ಪ್ರಯೋಗಶಾಲೆಯ ಹಿಂದೆ ತಗಡಿನ ಶೆಡ್ಡು. ಒಳಗೆ ದೊಡ್ಡ ಹಂಡೆ, ವಾಷಿಂಗ್ ಸೋಡಾ ಡಬ್ಬ, ಸವೆದ ಹಲ್ಲುಜ್ಜುವ ಬ್ರಷ್ಷುಗಳು, ಮೊಂಡು ಚಾಕು, ಹಿತ್ತಾಳೆ ತಂತಿಯ ಸುರುಳಿ. ಅಲ್ಲಿಯ ವಾಸನೆ ಮೊದಲ ದಿನ ಹೊಟ್ಟೆ ತೊಳಸುತ್ತದೆ, ಹತ್ತನೇ ದಿನ ಅಭ್ಯಾಸವಾಗುತ್ತದೆ, ಹತ್ತನೇ ವರ್ಷ ಚರ್ಮದೊಳಗೆ ಇಳಿದು ಕೂರುತ್ತದೆ. ಅಟೆಂಡರ್ ಯಾವ ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಎಷ್ಟು ರಶ್ಶಿದ್ದರೂ ಖಾಲಿ ಇರುತ್ತಿತ್ತು.

ಮಧ್ಯಾಹ್ನ ಪ್ರೊಫೆಸರ್ರು ಬಂದರು. ವಿಭಾಗದ ಮುಖ್ಯಸ್ಥರು. ಅವರ ಬಿಳಿ ಕೋಟು ಹದಿನಾರು ವರ್ಷದಲ್ಲಿ ಒಂದು ಕಲೆ ಕಂಡಿರಲಿಲ್ಲ. ಶೆಡ್ಡಿನ ಹೊಸ್ತಿಲಾಚೆಯೇ ನಿಂತು, ಸಣ್ಣ ಪುಸ್ತಕ ಮತ್ತು ಪೆನ್ನು ತೆಗೆದರು.

“ನೋಡೋ, ಈ ಮ್ಯೂಸಿಯಮ್ಮನ್ನ ನಾನು ರಜಾದಿನಗಳಲ್ಲಿ ಒಬ್ಬನೇ ಕೂತು ಮಾಡಿದ್ದು ಅಂತ ಹೆಚ್ಚುವರಿ ಭತ್ಯೆಗೆ ಬರೆದಿದೀನಿ. ಅದಕ್ಕೆ ಒಬ್ಬ ಸಾಕ್ಷಿ ಬೇಕು. ನೀನು ಇಲ್ಲೇ ಬಿದ್ದಿರ್ತೀಯಲ್ಲ, ನೀನೇ ಹಾಕಿಬಿಡು.”

“ನಾನೇ ಮಾಡಿದ್ದಲ್ವಾ ಸಾರ್ ಎಲ್ಲಾನೂ.”

“ನೀನು ಕೈ ಅಷ್ಟೆ. ತಲೆ ನಂದು.” ಪ್ರೊಫೆಸರ್ರು ತಾಳ್ಮೆಯಿಂದ ನಕ್ಕರು. “ಅದಿರ್ಲಿ. ಸಮಿತಿಯವರು ಕೇಳಿದ್ರೆ ಗೊತ್ತಿರಬೇಕು. ಪಾದದ ಆ ಚಿಕ್ಕ ಚಿಕ್ಕ ಮೂಳೆಗಳು, ಕಡಲೆಬೀಜದ ಹಾಗಿರ್ತಾವಲ್ಲ, ಅವು ನಾಲ್ಕು ಕಾಲಿಂದೂ ಬೆರಕೆ ಆಗದ ಹಾಗೆ ಹೆಂಗೆ ಮಾಡ್ತೀಯ?”

ಅಟೆಂಡರ್ ಮೊದಲ ಬೆಕ್ಕನ್ನು ನೆನೆದ. ಅವನು ಸೇರಿದ ವರ್ಷ ಪ್ರೊಫೆಸರ್ರೇ ಅದನ್ನು ಮಾಡಲು ಹೋಗಿ, ಇಡೀ ಬೆಕ್ಕನ್ನು ಹಂಡೆಗೆ ಎಸೆದು ಕುದಿಸಿದ್ದರು. ಮೂಳೆಗಳೆಲ್ಲ ತಳದಲ್ಲಿ ಒಂದೇ ರಾಶಿ. ಕೊನೆಗೆ ಆ ಬೆಕ್ಕು ಮುಂಗಾಲಿಗೆ ಹಿಂಗಾಲಿನ ಪಾದ ಹಾಕಿಕೊಂಡು ಎರಡು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ನಿಂತಿತ್ತು. ಹುಡುಗರು ಅದನ್ನೇ ನೋಡಿ ಚಿತ್ರ ಬರೆದರು, ಪ್ರೊಫೆಸರ್ರು ಅದಕ್ಕೇ ಅಂಕ ಹಾಕಿದರು. ಯಾರಿಗೂ ಗೊತ್ತಾಗಲಿಲ್ಲ. ಅಟೆಂಡರ್ ಒಂದು ರಜೆಯಲ್ಲಿ ಸದ್ದಿಲ್ಲದೆ ಬಿಚ್ಚಿ ಸರಿಮಾಡಿಟ್ಟಿದ್ದ. ಬೆಕ್ಕಿನ ಮರ್ಯಾದೆ ಕಳೆಯಬಾರದು ಎನಿಸಿತ್ತು ಅವನಿಗೆ.

“ಕಾಲುಚೀಲ ಸಾರ್.”

“ಏನು?”

“ಹಾಸ್ಟೆಲ್ ಹುಡುಗ್ರು ಒಂಟಿ ಕಾಲುಚೀಲ ಎಸೆದಿರ್ತಾರಲ್ಲ, ಅದನ್ನ ತೊಳೆದು ಇಟ್ಕೊಂಡಿರ್ತೀನಿ. ಕಾಲಿಗೊಂದು ಚೀಲ. ಪಾದ ಅದ್ರೊಳಗೆ ಹಾಕಿ, ಬಾಯಿ ಕಟ್ಟಿ, ಆಮೇಲೆ ಹಂಡೆಗೆ. ಮುಂದಿನ ಎಡಕ್ಕೆ ಒಂದು ಗಂಟು, ಬಲಕ್ಕೆ ಎರಡು. ಹಿಂದಿನ ಎಡಕ್ಕೆ ಮೂರು, ಬಲಕ್ಕೆ ನಾಕು. ಬೆಂದಮೇಲೆ ಒಂದೊಂದೇ ಚೀಲ ಬಿಚ್ಚಿ ತಟ್ಟೇಲಿ ಹರಡ್ಕೋತೀನಿ. ಮೂಳೆ ತಾನೇ ಹೇಳತ್ತೆ ಸಾರ್, ನಾನು ಯಾವುದರ ಪಕ್ಕ ಅಂತ.”

ಹೇಳುವಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಹದಿನಾರು ವರ್ಷಕ್ಕೆ ಒಬ್ಬರು ಕೇಳಿದ್ದರು. ಪ್ರೊಫೆಸರ್ರು ಒಂದಕ್ಷರ ಬಿಡದೆ ಬರೆದುಕೊಂಡರು, ಗಂಟಿನ ಲೆಕ್ಕ ಮತ್ತೊಮ್ಮೆ ಕೇಳಿ ಕೆಳಗೆ ಗೆರೆ ಎಳೆದರು.

“ಚೆನ್ನಾಗಿದೆಯಲ್ಲೋ. ‘ನನ್ನ ಸ್ವಂತ ವಿಧಾನ’ ಅಂತ ಹೇಳ್ತೀನಿ. ಬೇಜಾರಿಲ್ವಲ್ಲ?” ಉತ್ತರಕ್ಕೆ ಕಾಯದೆ ಬ್ಯಾಗಿಗೆ ಕೈಹಾಕಿ ಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟನ್ನು ಹೊಸ್ತಿಲಾಚೆಯಿಂದಲೇ ಒಳಗೆ ಎಸೆದರು. ಅದು ಹಂಡೆಯ ಸೋಡಾ ನೀರಿನ ಮೇಲೆ ಬಿದ್ದು ಬಿಚ್ಚಿಕೊಂಡಿತು. ಹಿಮ್ಮಡಿ ಹರಿದ ಎರಡು ಜೊತೆ ಕಾಲುಚೀಲ, ತೊಳೆದೂ ಇರಲಿಲ್ಲ. “ಮನೆಯವಳು ಕಸಕ್ಕೆ ಹಾಕ್ತಿದ್ದಳು. ನಿಂಗೆ ಉಪಯೋಗ ಆಗತ್ತೆ. ಇದೇ ನಿನ್ನ ಹೆಚ್ಚುವರಿ ಭತ್ಯೆ ಅಂದ್ಕೋ.”

ತಮ್ಮ ಮಾತಿಗೆ ತಾವೇ ನಕ್ಕು ಹೊರಟವರು ತಿರುಗಿ ನಿಂತರು. “ಮತ್ತೆ, ಸೋಮವಾರ ಈ ಕಡೆ ಸುಳೀಬೇಡ. ಸಮಿತೀಲಿ ಹೆಂಗಸರೂ ಇದಾರೆ. ಈ ವಾಸನೆಗೆ ವಾಂತಿ ಮಾಡ್ಕೊಂಡಾರು.”

ಅವರ ಬೆವರು ಕುಡಿದ ಕಾಲುಚೀಲವನ್ನು ಅಟೆಂಡರ್ ಕಡ್ಡಿಯಿಂದ ಎತ್ತಿ ಹೊರಗೆ ಹಾಕಿದ. ಮೂರು ದಿನದ ನಾಯಿಯನ್ನು ಬರಿಗೈಯಲ್ಲಿ ಎತ್ತಿದವನಿಗೆ ಅದನ್ನು ಮುಟ್ಟಲು ಆಗಲಿಲ್ಲ.

*

ಅವನ ಹೆಂಡತಿ ಹೋಟೆಲೊಂದಕ್ಕೆ ಮೂಟೆಗಟ್ಟಲೆ ಈರುಳ್ಳಿ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದಳು. ಮನೆ ಒಂದೇ ಕೋಣೆ. ಅದರಲ್ಲಿ ಅರ್ಧ ಈರುಳ್ಳಿಯ ವಾಸನೆ, ಅರ್ಧ ಮೂಳೆಯ ವಾಸನೆ, ಹಾಗಾಗಿ ಗಂಡಹೆಂಡಿರಲ್ಲಿ ಯಾರೂ ಯಾರನ್ನೂ ದೂರುವ ಹಾಗಿರಲಿಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

“ಹಾಕಿಬಿಡು ರುಜು,” ಎಂದಳು. “ಭಾನುವಾರ ಹೋಗ್ಬೇಡ ಅಂದ್ರೆ ಹೋಗಲ್ಲ ಅನ್ನು. ಖಾಯಂ ಆದ್ರೆ ಆ ನಾಯಿ ಕಾಸು ಯಾವ ಲೆಕ್ಕ? ನಿಂಗೆ ಕೆಮ್ಮು ಬಂದು ಮಲಗಿದ್ರೂ ಸಂಬಳ ಬರತ್ತೆ. ನೀನು ಸತ್ರೂ ನಂಗೆ ಅರ್ಧ ಬರತ್ತೆ.”

“ನಾನು ಯಾವಾಗ ಸಾಯ್ತೀನಿ ಅಂತ ಈರುಳ್ಳಿ ಸುಲೀತಾ ಕೂತಿದೀಯಾ ಹಂಗಾದ್ರೆ.”

“ಕೂತಿರೋದು ನಿಂಗೆ ಅನ್ನ ಹಾಕೋಕೆ, ಬಾಯಿ ಮುಚ್ಚು. ಆ ಇನ್ನೊಂದು ಕಾಗದ ಏನಂದೆ?”

“ಎಲ್ಲಾ ಅವರೇ ಮಾಡಿದ್ದು ಅಂತ. ನಾನು ನೋಡಿದೀನಿ ಅಂತ ಸಾಕ್ಷಿ.”

“ಇಪ್ಪತ್ತೊಂದೂನಾ?”

“ಇಪ್ಪತ್ತೊಂದೂ.”

ಅವಳ ಚಾಕು ನಿಂತಿತು. “ಕೋತಿದೂನಾ?”

ಎಂಟು ವರ್ಷದ ಹಿಂದೆ ಕರೆಂಟು ತಂತಿ ಹಿಡಿದು ಸತ್ತ ಕೋತಿಯೊಂದು ಸಿಕ್ಕಿತ್ತು. ಅವತ್ತು ಭಾನುವಾರ. ಅವನ ತಾಯಿ ಆಸ್ಪತ್ರೆಯ ವರಾಂಡದ ನೆಲದ ಮೇಲೆ ಮಲಗಿದ್ದಳು. ಅಮ್ಮನಿಗೆ ಉಸಿರು ಹಿಡಿಯುತ್ತಿದೆ, ಹೋಗಬೇಕು ಎಂದರೆ ಪ್ರೊಫೆಸರ್ರು ಫೋನಿನಲ್ಲೇ, ಕೋತಿ ಕೊಳೆತರೆ ನಿನ್ನ ಕೆಲಸವೂ ಕೊಳೆಯುತ್ತದೆ ಎಂದಿದ್ದರು. ಅವನು ಸುಲಿದು ಮುಗಿಸಿ ಓಡಿಹೋಗುವಷ್ಟರಲ್ಲಿ ತಾಯಿಯ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಅವಳ ಕೆನ್ನೆ ಮುಟ್ಟಿದ ಅವನ ಕೈಯಿಂದ ಬಂದ ವಾಸನೆಗೆ ಪಕ್ಕದ ರೋಗಿಯ ಕಡೆಯವರು ಎದ್ದು ಹೋಗಿದ್ದರು.

“ಅತ್ತೆ ಕೊನೇವರೆಗೂ ಬಾಗಿಲು ನೋಡ್ತಿದ್ರು,” ಎಂದಳು ಹೆಂಡತಿ. “ಬಂದ್ನಾ, ಬಂದ್ನಾ ಅಂತ ಕೇಳ್ತಿದ್ರು. ಆ ಸೂಳೇಮಗ ಅವತ್ತು ಎಲ್ಲಿದ್ನಂತೆ?”

“ಮನೇಲಿ. ನೆಂಟರು ಬಂದಿದ್ರಂತೆ.”

ಅವಳು ಮತ್ತೆ ಸುಲಿಯಲು ಶುರುಮಾಡಿದಳು. ರುಜು ಹಾಕು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸಿಪ್ಪೆಯ ರಾಶಿ ಅವಳ ಮೊಣಕಾಲವರೆಗೆ ಏರಿತು. ಕಣ್ಣಲ್ಲಿ ನೀರು ಇತ್ತು, ಆದರೆ ಆ ಮನೆಯಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

*

ಶನಿವಾರ ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟಿತು. ಗುಮಾಸ್ತ ಎರಡು ಕಾಗದ ಮೇಜಿನ ಅಂಚಿಗೆ ತಳ್ಳಿ, ಪೆನ್ನನ್ನು ಕಾಗದದ ಮೇಲೆ ಬೀಳಿಸಿದ. ಕೈಯಿಂದ ಕೈಗೆ ಕೊಡುವ ರೂಢಿ ಅವನಿಗಿರಲಿಲ್ಲ.

“ಓದಿ ಹಾಕ್ತೀಯೋ, ಹಾಕಿ ಓದ್ತೀಯೋ?”

“ಓದ್ತೀನಿ ಸ್ವಾಮಿ.”

“ಏಳನೇ ಕ್ಲಾಸು ಪಂಡಿತ. ಓದಪ್ಪ, ನಂಗೂ ಮನೇಗೆ ಹೋಗೋ ಆತುರ ಇಲ್ಲ, ಅಲ್ಲೂ ಒಬ್ಬಳು ಪ್ರಿನ್ಸಿಪಾಲಿದಾಳೆ.”

ಅವನು ಬೆರಳಿಟ್ಟು ಓದಿದ. ಸಾಕ್ಷಿಯ ಕಾಗದದಲ್ಲಿ ಇಪ್ಪತ್ತೊಂದು ಸಾಲು. ಪ್ರಾಣಿ, ತಾರೀಖು, ವೇಳೆ. ಎಲ್ಲವೂ ರಜಾದಿನ. ಪ್ರಿನ್ಸಿಪಾಲರ ಅಟ್ಟದ ಹೆಗ್ಗಣವೂ ಅದರಲ್ಲಿತ್ತು. ಒಂಬತ್ತನೇ ಸಾಲಿಗೆ ಅವನ ಬೆರಳು ನಿಂತಿತು. ಕೋತಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಪ್ರೊಫೆಸರ್ರು ಏಕಾಂಗಿಯಾಗಿ. ತಾರೀಖು ಸರಿಯಾಗಿಯೇ ಇತ್ತು. ಆ ತಾರೀಖನ್ನು ಮರೆಯಲು ಅವನಿಗೆ ಸಾಧ್ಯವಿರಲಿಲ್ಲ.

“ಸ್ವಾಮಿ, ಈ ದಿನಗಳಲ್ಲಿ ನನ್ನ ಹಾಜರಿ ಇದೆಯಾ?”

“ರಜಾದಿನಕ್ಕೆ ಹಾಜರಿ ಎಲ್ಲಿಂದ ಬರತ್ತೋ? ಕೆಂಪು ಶಾಯೀಲಿ ರಜೆ ಅಂತ ಬರೆದಿರ್ತೀವಿ.”

“ಆ ದಿನ ನಾನು ಕೆಲಸ ಮಾಡೋಕೆ ಅನುಮತಿ ಪತ್ರ?”

“ನಿಂಗೆ ಯಾವನಯ್ಯ ಕೊಡ್ತಾನೆ ಅನುಮತಿ. ಪ್ರೊಫೆಸರ್ರಿಗೆ ಇದೆ, ಇಲ್ಲೇ ಫೈಲಲ್ಲಿದೆ.”

ಅಟೆಂಡರ್ ತಪ್ಪೊಪ್ಪಿಗೆಯ ಕಾಗದ ಎಳೆದುಕೊಂಡ. ‘ರಜಾದಿನಗಳಲ್ಲಿ ಅನುಮತಿಯಿಲ್ಲದೆ ನಾನು ಮಾಡಿದ ಎಲ್ಲ ಕೆಲಸವೂ ನಿಯಮಕ್ಕೆ ವಿರುದ್ಧವಾದದ್ದೆಂದು ಒಪ್ಪಿಕೊಳ್ಳುತ್ತೇನೆ’ ಎಂದಿತ್ತು. ಎರಡು ಸಲ ಓದಿದ. ಅದಕ್ಕೆ ದುಂಡಗೆ ರುಜು ಹಾಕಿದ. ಇನ್ನೊಂದನ್ನು ಹಾಗೇ ಮಡಿಸಿ ಗುಮಾಸ್ತನ ಕಡೆ ಸರಿಸಿದ.

“ಇದು?”

“ಒಂದು ಸಣ್ಣ ಕೆಲಸ ಇದೆ, ಮುಗಿಸಿ ಬರ್ತೀನಿ ಸ್ವಾಮಿ.”

ಮ್ಯೂಸಿಯಮ್ಮಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಗಾಜಿನ ಪೆಟ್ಟಿಗೆಗಳನ್ನು ಸೋಮವಾರಕ್ಕೆಂದು ಅವನೇ ಒರೆಸಿ ಥಳಥಳ ಮಾಡಿದ್ದ. ಒಂದೊಂದರ ಮುಂದೆಯೂ ಪ್ರೊಫೆಸರ್ರ ಹೆಸರಿನ ಹೊಸ ಚೀಟಿ ನಿಂತಿತ್ತು. ಅವನು ಮೊದಲು ಕೋತಿಯ ಪೆಟ್ಟಿಗೆ ತೆಗೆದ. ಕಟಿಂಗ್ ಪ್ಲೈಯರ್ ಕೈಗೆ ತೆಗೆದುಕೊಂಡ. ತಾನೇ ಪೋಣಿಸಿ ತಿರುಚಿದ ತಂತಿಯನ್ನು ಬೆರಳಿಂದ ಒಮ್ಮೆ ಸವರಿದ. ಆಮೇಲೆ ಬೆನ್ನಿನ ತಂತಿಯನ್ನು ಹಿಡಿದು ಕಟ್ ಎಂದು ಕತ್ತರಿಸಿದ.

ಮೂಳೆ ಒಂದೂ ಮುರಿಯಲಿಲ್ಲ, ಒಂದೂ ಬಿರಿಯಲಿಲ್ಲ. ಅದು ಅವನಿಂದ ಆಗದ ಮಾತು. ತಂತಿ ಮಾತ್ರ ಬಿಡಿಸಿದ. ಕೋತಿ, ನಾಯಿ, ಬೆಕ್ಕು, ಆಡು, ಕರು, ಮೊಲ, ಹೆಗ್ಗಣ, ಕತ್ತೆ. ಬೆನ್ನುಮಣಿಗಳು ಸರಬರನೆ ಸುರಿದವು. ಪಕ್ಕೆಲುಬುಗಳನ್ನು ಕಂತೆ ಕಂತೆಯಾಗಿ ತಂದು ಹಾಕಿದ. ಪಾದದ ಚಿಕ್ಕ ಮೂಳೆಗಳನ್ನು ಬೊಗಸೆ ತುಂಬಿ ಮೇಲಿನಿಂದ ಸುರಿದು ಎರಡೂ ಕೈಯಲ್ಲಿ ಕಲಸಿದ. ನಾಲ್ಕು ಗಂಟೆಯ ಹೊತ್ತಿಗೆ ಮ್ಯೂಸಿಯಮ್ಮಿನ ನಟ್ಟನಡುವೆ ಸೊಂಟದೆತ್ತರದ ಬಿಳಿ ರಾಶಿ ನಿಂತಿತು. ಇಪ್ಪತ್ತೊಂದು ಖಾಲಿ ಪೆಟ್ಟಿಗೆಯ ಮುಂದೆ ಇಪ್ಪತ್ತೊಂದು ಚೀಟಿ ಮಾತ್ರ ಉಳಿದವು.

ಸಮಿತಿಯ ಮುಂದೆ ಹೇಳಬೇಕಾದ ಭಾಷಣ ಬಾಯಿಪಾಠ ಮಾಡುತ್ತ ಪ್ರೊಫೆಸರ್ರು ಒಳಗೆ ಬಂದರು. ಅವರ ಹಿಂದೆ ಪ್ರಿನ್ಸಿಪಾಲರು. “ನನ್ನ ಸ್ವಂತ ವಿಧಾನ” ಎನ್ನುವಲ್ಲಿಗೆ ಭಾಷಣ ನಿಂತಿತು.

“ಏನ್ ಮಾಡಿದ್ಯೋ ಬೋಳಿಮಗನೇ,” ಎಂದರು ಪ್ರಿನ್ಸಿಪಾಲರು. ಕರವಸ್ತ್ರ ಕೈಯಲ್ಲೇ ಇತ್ತು, ಮೂಗಿಗೆ ಹೋಗುವುದು ಮರೆತಿತ್ತು.

“ರುಜು ಹಾಕಿದೀನಿ ಸಾರ್. ರಜೇಲಿ ಅನುಮತಿ ಇಲ್ದೆ ಮಾಡಿದ ಕೆಲಸ ಎಲ್ಲಾ ತಪ್ಪು ಅಂತ. ತಪ್ಪು ಕೆಲಸ ಕಾಲೇಜಲ್ಲಿ ಯಾಕೆ ಇಡೋದು ಅಂತ ಬಿಚ್ಚಿಹಾಕ್ದೆ. ನಿಮ್ಮ ಸಾಮಾನು ಒಂದೂ ಹಾಳಾಗಿಲ್ಲ. ಎಣಿಸ್ಕೊಳ್ಳಿ.”

“ಪೊಲೀಸ್ನೋರನ್ನ ಕರೆಸ್ತೀನಿ.”

“ಕರೆಸಿ ಸಾರ್. ಇದನ್ನ ಯಾರು ಮಾಡಿದ್ದು ಅಂತ ಅವ್ರೂ ಕೇಳ್ತಾರೆ. ನಾನು ಮಾಡಿದ್ದು ಅಂದ್ರೆ ಭತ್ಯೆ ಸುಳ್ಳು. ಪ್ರೊಫೆಸರ್ರು ಮಾಡಿದ್ದು ಅಂದ್ರೆ ಇನ್ನೂ ಒಂದೂವರೆ ದಿನ ಇದೆ, ಅವ್ರೇ ಪೋಣಿಸ್ಲಿ.”

ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಅದೇ ಖಾಯಂ ಆದೇಶ. ಕೆಳಗೆ ಸಹಿಯೂ ಬಿದ್ದಿತ್ತು, ಶಾಯಿ ಇನ್ನೂ ಹೊಸದು. “ನೋಡು, ಹಾಕಿದ್ದೆ ನಾನು. ಇದು ಬೇಕಾ? ಬೇಕು ಅಂದ್ರೆ ಈಗಲೇ ಕೂತ್ಕೋ, ಪೋಣಿಸು.” ಅವನು ಅಲುಗಲಿಲ್ಲ. ಅವರು ಅದನ್ನು ಅವನ ಕಣ್ಣೆದುರೇ ಎರಡಾಗಿ ಹರಿದರು, ನಾಲ್ಕಾಗಿ ಹರಿದರು. ಚೂರುಗಳು ಮೂಳೆಯ ಮೇಲೆ ಬಿದ್ದವು.

ಹದಿನಾರು ವರ್ಷ ಹಾಗೆ ಚೂರಾಗಿ ಬಿದ್ದುದನ್ನು ಅಟೆಂಡರ್ ನೋಡಿದ. ಕೂತು ಪೋಣಿಸಿಬಿಡಲೇ ಎಂದು ಒಂದು ಕ್ಷಣ ಅನಿಸಿಯೂ ಅನಿಸಿತು; ಆ ಅನಿಸಿಕೆಯ ಮೇಲೇ ಅವನಿಗೆ ಉಗಿಯಬೇಕೆನಿಸಿತು. ಪ್ಲೈಯರನ್ನು ನೆಲದ ಮೇಲಿಟ್ಟು, ಬೀಗದ ಕೈ ಅದರ ಪಕ್ಕದಲ್ಲಿಟ್ಟು ಬಾಗಿಲ ಕಡೆ ಹೋದ.

ಅಷ್ಟರಲ್ಲಿ ಪ್ರೊಫೆಸರ್ರು ರಾಶಿಯ ಮುಂದೆ ಮಂಡಿಯೂರಿದ್ದರು. ಬಿಳಿ ಕೋಟಿನ ಅಂಚು ನೆಲದ ಧೂಳಿನಲ್ಲಿ ಎಳೆದಾಡುತ್ತಿತ್ತು. ಸಣ್ಣ ಪುಸ್ತಕವನ್ನು ಮೊಣಕಾಲ ಮೇಲೆ ತೆರೆದಿಟ್ಟುಕೊಂಡು ಕಡಲೆಬೀಜದಷ್ಟು ಚಿಕ್ಕ ಎರಡು ಮೂಳೆಗಳನ್ನು ಎತ್ತಿ, ಒಂದಕ್ಕೊಂದು ತಾಗಿಸಿ, ತಿರುಗಿಸಿ, ಮತ್ತೆ ತಾಗಿಸಿ ನೋಡಿದರು. ಕೂಡಲಿಲ್ಲ. ತಲೆಯೆತ್ತಿ ಅಟೆಂಡರ್‌ನ ಮುಖ ನೋಡಿದರು. ಹದಿನಾರು ವರ್ಷದಲ್ಲಿ ಮೊದಲ ಸಲ ಅವನನ್ನು ಬಹುವಚನದಲ್ಲಿ ಮಾತಾಡಿಸಿದರು.

“ಇದು ಎಡಗಾಲಿಂದೋ, ಬಲಗಾಲಿಂದೋ? ಇಷ್ಟು ಮಾತ್ರ ಹೇಳಿಬಿಡಿ.”

ಎರಡೂ ಒಂದೇ ಪ್ರಾಣಿಯವಲ್ಲ, ಒಂದು ಮೊಲದ್ದು, ಇನ್ನೊಂದು ಬೆಕ್ಕಿನದು ಎಂದು ಅವನಿಗೆ ಬಾಗಿಲ ಬಳಿಯಿಂದಲೇ ಕಾಣುತ್ತಿತ್ತು. ಪ್ರೊಫೆಸರ್ರ ಇನ್ನೊಂದು ಕೈ ಆಗಲೇ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಪುಸ್ತಕದ ಮೇಲೆ ಕಾಯುತ್ತಿತ್ತು. ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಾರೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ.